ಹಿಮಗಾಲದ ಸೈಕಲ್ಲಿಗೆ ಉಪ್ಪಿನ ಕಾಟ

ಪ್ರಶ್ನೆ: ಟೊರಾಂಟೊದಲ್ಲಿ ಚಳಿಗಾಲದಲ್ಲೂ ಸೈಕಲ್ಲಿನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಮನೆಯೊಳಗೇ ನಿಲ್ಲಿಸುತ್ತೇನೆ. ಆದರೂ ಒಂದೇ ತಿಂಗಳಿಗೆ ಚೈನು ಕೆಂಪಗೆ ತುಕ್ಕು ಹಿಡಿದಿದೆ. ಮೊನ್ನೆ ಮೈನಸ್ 15 ಡಿಗ್ರಿಯಲ್ಲಿ ಎಷ್ಟು ತುಳಿದರೂ ಪೆಡಲ್ ಮಾತ್ರ ಸುತ್ತಿತು, ಹಿಂದಿನ ಚಕ್ರ ಅಲ್ಲಾಡಲಿಲ್ಲ. ಏನು ಮಾಡಲಿ?

ಉತ್ತರ: ಒಳಗೆ ತರುವುದು ತಪ್ಪಲ್ಲ, ತಂದು ಹಾಗೇ ಬಿಡುವುದು ತಪ್ಪು. ಹಿಮ ಕರಗಲೆಂದು ಅಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹೊರಗಿನ ಕೊರೆಯುವ ಚಳಿಯಲ್ಲಿ ತುಕ್ಕಿನ ಕೆಲಸ ನಿಧಾನ. ಬೆಚ್ಚಗಿನ ಕೋಣೆಗೆ ಬಂದೊಡನೆ ಅಂಟಿಕೊಂಡ ಹಿಮ ಉಪ್ಪುನೀರಾಗಿ ಚೈನಿನ ಸಂದುಗಳಿಗೆ ಇಳಿದು, ರಾತ್ರಿಯಿಡೀ ಕಬ್ಬಿಣವನ್ನು ತಿನ್ನುತ್ತದೆ.

ದಿನವೂ ತೊಳೆಯಬೇಕಿಲ್ಲ. ಬಂದ ಕೂಡಲೇ ಹಳೆಯ ಬ್ರಷ್ಷಿನಿಂದ ಹಿಮ ಕೊಡವಿ, ಚೈನನ್ನು ಒಣಬಟ್ಟೆಯಲ್ಲಿ ಹಿಡಿದು ಪೆಡಲನ್ನು ಹಿಂದಕ್ಕೆ ಇಪ್ಪತ್ತು ಸುತ್ತು ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ವಾರಕ್ಕೊಮ್ಮೆ ಬಚ್ಚಲಿನಲ್ಲಿ ನಿಲ್ಲಿಸಿ, ಐದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕೈದು ಹನಿ ಬೆರೆಸಿ, ಸ್ಪಂಜಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿ. ಕಡ್ಡಿಗಳು ರಿಮ್ಮಿಗೆ ಸೇರುವ ಜಾಗ, ಬ್ರೇಕಿನ ಸ್ಕ್ರೂಗಳು, ಮಡ್‌ಗಾರ್ಡಿನ ಒಳಮೈ, ಉಪ್ಪು ಅಡಗಿ ಕೂರುವುದು ಇಲ್ಲೇ. ಆಮೇಲೆ ಬರೀ ನೀರಿನಿಂದ ತೊಳೆಯಿರಿ. ಚಕ್ರದ ನಡುವಿನ ಹಬ್ಬಿಗೂ ಪೆಡಲಿನ ಬುಡಕ್ಕೂ ಪೈಪಿನಿಂದ ರಭಸವಾಗಿ ನೀರು ಹಾಯಿಸಬೇಡಿ, ಬೇರಿಂಗಿನೊಳಗೆ ನೀರು ನುಗ್ಗುತ್ತದೆ. ಒರೆಸಿ, ಇಡೀ ರಾತ್ರಿ ಒಣಗಲು ಬಿಡಿ. ಒದ್ದೆ ಸೈಕಲ್ಲನ್ನು ಹೊರಗೊಯ್ದರೆ ಬ್ರೇಕ್ ಕೇಬಲ್ಲಿನ ಕವಚದೊಳಗೆ ನೀರು ಹೆಪ್ಪುಗಟ್ಟಿ, ಲಿವರ್ ಒತ್ತಿದರೂ ಬ್ರೇಕು ಹಿಡಿಯದೆ ಹೋಗಬಹುದು.

ಒಣಗಿದ ಚೈನಿಗೆ ಮಳೆಗಾಲಕ್ಕೆಂದೇ ಮಾರುವ ದಪ್ಪ ಚೈನ್ ಎಣ್ಣೆಯನ್ನು ಪ್ರತಿ ಕೊಂಡಿಯ ಉರುಳೆಗೆ ಒಂದೊಂದು ಹನಿ ಬಿಡಿ. ಹತ್ತು ನಿಮಿಷ ಬಿಟ್ಟು ಹೊರಮೈಯನ್ನು ಒರೆಸಿಬಿಡಿ. ಎಣ್ಣೆ ಬೇಕಾದ್ದು ಉರುಳೆಯ ಒಳಗೆ, ಮೇಲಿದ್ದದ್ದು ಮರಳನ್ನು ಹಿಡಿಯುತ್ತದೆ ಅಷ್ಟೆ. ಊರಿನಲ್ಲಿ ಬಾಗಿಲ ಕೀಲಿಗೆ ಹಾಕಿದಂತೆ ಕೊಬ್ಬರಿ ಎಣ್ಣೆ ಹಾಕಬೇಡಿ. 24 ಡಿಗ್ರಿಗಿಂತ ಕೆಳಗೆ ಅದು ಬೆಣ್ಣೆಯಂತೆ ಗಟ್ಟಿಯಾಗುತ್ತದೆ. ಚೈನು ಸವೆದಿದೆಯೇ ಎಂದೂ ನೋಡಿ: ಹೊಸದರಲ್ಲಿ ಪಿನ್ನಿನಿಂದ ಪಿನ್ನಿಗೆ 24 ಕೊಂಡಿ ಅಳೆದರೆ 304.8 ಮಿಲಿಮೀಟರ್. 306.3 ದಾಟಿದ್ದರೆ ಬದಲಿಸಿ, ಇಲ್ಲವಾದರೆ ಹಿಂದಿನ ಹಲ್ಲುಚಕ್ರಗಳೂ ಹಾಳಾಗುತ್ತವೆ.

ಇನ್ನು ಬರೀ ಸುತ್ತುವ ಪೆಡಲ್. ಹಿಂದಿನ ಹಬ್ಬಿನ ಫ್ರೀವೀಲಿನೊಳಗೆ ಸ್ಪ್ರಿಂಗಿನ ಮೇಲೆ ಕೂತ ಪುಟ್ಟ ನಾಲಿಗೆಗಳಿವೆ. ಅವು ಮೇಲೆದ್ದು ಹಲ್ಲಿಗೆ ಸಿಕ್ಕಿಕೊಂಡರಷ್ಟೇ ಚಕ್ರ ತಿರುಗುತ್ತದೆ. ಒಳಗೆ ನೀರು ಹೆಪ್ಪುಗಟ್ಟಿದರೆ, ಅಥವಾ ಗ್ರೀಸು ಚಳಿಗೆ ಬಿಗಿದರೆ, ಆ ಸಣ್ಣ ಸ್ಪ್ರಿಂಗಿಗೆ ಅವನ್ನು ಎತ್ತುವ ಶಕ್ತಿ ಸಾಲದು. ಒಳಗೆ ತಂದು ಒಂದೆರಡು ಗಂಟೆ ಇಟ್ಟರೆ ಸರಿಹೋಗುತ್ತದೆ. ಬಿಸಿನೀರು ಸುರಿಯಬೇಡಿ: ಒಳಗಿಳಿದ ನೀರು ಮರುದಿನ ಮತ್ತೆ ಹೆಪ್ಪುಗಟ್ಟುತ್ತದೆ. ಶಾಶ್ವತ ಪರಿಹಾರವೆಂದರೆ ಫ್ರೀವೀಲನ್ನು ಬಿಚ್ಚಿಸಿ, ಹಳೆಯ ಗ್ರೀಸು ತೆಗೆಸಿ, ತೆಳು ಎಣ್ಣೆ ಹಾಕಿಸುವುದು. ಬಿಚ್ಚಲಾಗದ ಹಳೆಯ ಮಾದರಿಯಾದರೆ ಚಕ್ರವನ್ನು ಮಲಗಿಸಿ, ತಿರುಗುವ ಮತ್ತು ತಿರುಗದ ಭಾಗಗಳ ನಡುವಿನ ಸಂದಿಗೆ ತೆಳು ಎಣ್ಣೆ ಬಿಡುತ್ತಾ, ಟಿಕ್ ಟಿಕ್ ಸದ್ದು ಸ್ಪಷ್ಟವಾಗಿ ಕೇಳುವವರೆಗೆ ತಿರುಗಿಸಿ.

ಪ್ರಶ್ನೆ: ಮನೆಯಲ್ಲಿ 50 ಪಿಎಸ್‌ಐ ಗಾಳಿ ತುಂಬಿದ ಟಯರು ಹೊರಗೆ ಮೆತ್ತಗಾಗುತ್ತದೆ. ಪಂಕ್ಚರೇ?

ಉತ್ತರ: ಅಲ್ಲ. ತಣ್ಣಗಾದರೆ ಗಾಳಿಯ ಒತ್ತಡ ಇಳಿಯುತ್ತದೆ. 20 ಡಿಗ್ರಿಯಲ್ಲಿ 50 ಇದ್ದದ್ದು ಮೈನಸ್ 15ರಲ್ಲಿ ಸುಮಾರು 42 ಆಗುತ್ತದೆ. ಹಿಮದ ಮೇಲೆ ಸ್ವಲ್ಪ ಮೆತ್ತಗಿದ್ದರೇ ಹಿಡಿತ ಹೆಚ್ಚು. ಆದರೆ ಟಯರಿನ ಪಕ್ಕದಲ್ಲಿ ಬರೆದಿರುವ ಕನಿಷ್ಠ ಒತ್ತಡಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಮತ್ತೆ ಒಳಗೆ ತಂದಾಗ ಒತ್ತಡ 50ಕ್ಕೆ ಮರಳದಿದ್ದರೆ ಆಗ ತೂತು ಹುಡುಕಿ.