ಐನೂರಕ್ಕೆ ನಿಂತ ಪಟ್ಟಿ, ಪಟ್ಟಿಯಲ್ಲಿ ಸಿಗದ ಕೋಲಾರ

ಪ್ರಶ್ನೆ: ನಾನು ಎಂ.ಸಿ.ಎ. ವಿದ್ಯಾರ್ಥಿನಿ. ನನ್ನ ಬಳಿ ಕರ್ನಾಟಕದ ಊರುಗಳ ಛಾಯಾಚಿತ್ರಗಳಿವೆ. ಪ್ರತಿ ಕಡತಕ್ಕೂ ಊರಿನ ಹೆಸರನ್ನೇ ಇಟ್ಟಿದ್ದೇನೆ. ಇವುಗಳಲ್ಲಿ ಯಾವ ಊರಿಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನವಿಲ್ಲ ಎಂದು ತಿಳಿಯಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದು, ಮೀಡಿಯಾವಿಕಿ ಎಪಿಐಗೆ (ವಿಕಿಪೀಡಿಯವನ್ನು ನಡೆಸುವ ತಂತ್ರಾಂಶದಿಂದ ಪ್ರೋಗ್ರಾಮುಗಳು ಮಾಹಿತಿ ಕೇಳುವ ದಾರಿಗೆ) ನಾನೇ ಕೋರಿಕೆ ಕಳುಹಿಸಿ ಲೇಖನಗಳ ಪಟ್ಟಿಯನ್ನು ತರಿಸಿಕೊಂಡೆ. ಪಟ್ಟಿ 500 ಹೆಸರುಗಳಿಗೆ ನಿಂತುಬಿಡುತ್ತದೆ. ಅದಕ್ಕಿಂತ ವಿಚಿತ್ರವೆಂದರೆ, ಬಂದ ಪಟ್ಟಿಯಲ್ಲಿ ಕಣ್ಣಿಗೆ ಕಾಣುವ ಕೋಲಾರ, ಬೀದರ್, ಮೈಸೂರು, ಕೊಪ್ಪಳ, ಬೇಲೂರುಗಳನ್ನೂ ಪ್ರೋಗ್ರಾಂ ‘ಇಲ್ಲ’ ಎನ್ನುತ್ತದೆ. ಹಾಸನ, ತುಮಕೂರು, ಬಳ್ಳಾರಿಗಳನ್ನು ಮಾತ್ರ ಸರಿಯಾಗಿ ಗುರುತಿಸುತ್ತದೆ. ‘ವಿಕಿ ಕೆಲಸಕ್ಕೆಂದು ಸಿದ್ಧವಾಗಿರುವ ಪೈವಿಕಿಬಾಟ್ ಲೈಬ್ರರಿಯನ್ನು ಬಳಸು, ಎಲ್ಲವೂ ಸರಿಹೋಗುತ್ತದೆ’ ಎಂದು ಗೆಳತಿ ಹೇಳುತ್ತಾಳೆ. ‘ಲೈಬ್ರರಿಗೆ ಒಗ್ಗಿಕೊಂಡರೆ ಒಳಗಿನ ಕೆಲಸ ತಿಳಿಯುವುದಿಲ್ಲ’ ಎಂದು ನಮ್ಮ ಅಧ್ಯಾಪಕರು ಹೇಳುತ್ತಾರೆ. ಯಾರ ಮಾತನ್ನು ಕೇಳಲಿ?
— ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ಎರಡು ತೊಂದರೆಗಳಲ್ಲಿ ಮೊದಲನೆಯದನ್ನು ಲೈಬ್ರರಿ ಪೂರ್ತಿಯಾಗಿ ಬಗೆಹರಿಸುತ್ತದೆ, ಎರಡನೆಯದನ್ನು ಅರ್ಧ ಮಾತ್ರ ಬಗೆಹರಿಸುತ್ತದೆ. ಹಾಗಾಗಿ ಗೆಳತಿಯ ಮಾತನ್ನು ಕೇಳಿ, ಆದರೆ ಅಧ್ಯಾಪಕರ ಮಾತನ್ನು ಮರೆಯಬೇಡಿ.

ಪಟ್ಟಿ 500ಕ್ಕೆ ನಿಲ್ಲುವುದು ದೋಷವಲ್ಲ, ಸರ್ವರ್ ಹಾಕಿಕೊಂಡಿರುವ ಮಿತಿ. ಸಾಮಾನ್ಯ ಬಳಕೆದಾರರಿಗೆ ಒಂದು ಕೋರಿಕೆಗೆ ಹೆಚ್ಚೆಂದರೆ 500 ಹೆಸರುಗಳನ್ನೂ, ಬಾಟ್ (ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ) ಅಧಿಕಾರವಿರುವ ಖಾತೆಗಳಿಗೆ 5000 ಹೆಸರುಗಳನ್ನೂ ಅದು ಕೊಡುತ್ತದೆ. ಇನ್ನೂ ಉಳಿದಿದ್ದರೆ ಉತ್ತರದ ಜೊತೆಗೆ ‘ಕಂಟಿನ್ಯೂ’ ಎಂಬ ಭಾಗವನ್ನು ಸೇರಿಸಿ, ಮುಂದಿನ ಕಂತು ಎಲ್ಲಿಂದ ಆರಂಭವಾಗಬೇಕೆಂಬ ಗುರುತನ್ನು ಅದರಲ್ಲಿ ಬರೆದಿರುತ್ತದೆ. ಆ ಗುರುತನ್ನು ಹಾಗೆಯೇ ಮುಂದಿನ ಕೋರಿಕೆಯಲ್ಲಿ ಸೇರಿಸಿ, ‘ಕಂಟಿನ್ಯೂ’ ಇಲ್ಲದ ಉತ್ತರ ಬರುವವರೆಗೂ ಕೇಳುತ್ತ ಹೋಗಬೇಕು. ಪೈವಿಕಿಬಾಟ್‌ನಲ್ಲಿ ನೀವು ಒಂದು ವರ್ಗದ ಲೇಖನಗಳನ್ನು ಒಂದೊಂದಾಗಿ ಕೊಡು ಎಂದರೆ ಸಾಕು. ಕಂತುಗಳ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ.

‘ಇಷ್ಟನ್ನು ನಾನೇ ಹತ್ತು ಸಾಲಿನಲ್ಲಿ ಬರೆಯಬಲ್ಲೆ’ ಎಂದು ನಿಮಗೆ ಅನ್ನಿಸಬಹುದು. ಖಂಡಿತ ಬರೆಯಬಲ್ಲಿರಿ. ಆದರೆ 2015ರಲ್ಲಿ ನಡೆದದ್ದನ್ನು ನೋಡಿ. ಅಲ್ಲಿಯವರೆಗೆ ಈ ಗುರುತು ಬೇರೊಂದು ಹೆಸರಿನಲ್ಲಿ, ಬೇರೊಂದು ರೂಪದಲ್ಲಿ ಬರುತ್ತಿತ್ತು, ಮೀಡಿಯಾವಿಕಿಯ 1.26ನೆಯ ಆವೃತ್ತಿಯಲ್ಲಿ ಈಗಿನ ರೂಪವೇ ರೂಢಿಯ ರೂಪವಾಯಿತು. ವಿಕಿಮೀಡಿಯ ತಾಣಗಳೆಲ್ಲ ಎಚ್‌ಟಿಟಿಪಿಎಸ್ ಸಂಪರ್ಕವನ್ನು ಮಾತ್ರ ಒಪ್ಪುವಂತಾದದ್ದೂ ಅದೇ ವರ್ಷ. ಕೋರಿಕೆಗಳನ್ನು ಕೈಯಾರೆ ಕಟ್ಟಿಕೊಂಡವರು ತಮ್ಮ ಒಂದೊಂದು ಪ್ರೋಗ್ರಾಮನ್ನೂ ತೆರೆದು ತಿದ್ದಬೇಕಾಯಿತು. ಲೈಬ್ರರಿಯನ್ನು ನೆಚ್ಚಿದವರಿಗೆ ಅದರ ಹೊಸ ಆವೃತ್ತಿಯನ್ನು ಹಾಕಿಕೊಂಡರೆ ಸಾಕಾಗುತ್ತಿತ್ತು. ಲೈಬ್ರರಿಯ ನಿಜವಾದ ಬೆಲೆ ಅದು ಉಳಿಸುವ ಹತ್ತು ಸಾಲುಗಳಲ್ಲಿಲ್ಲ. ಸೇವೆಯ ನಿಯಮ ಬದಲಾದಾಗಲೆಲ್ಲ ಅದನ್ನು ಓದಿ ತಿದ್ದುವವರು ನಮ್ಮ ಪರವಾಗಿ ಇದ್ದಾರೆ ಎಂಬುದರಲ್ಲಿದೆ. ಅದಕ್ಕಾಗಿಯೇ, ವರ್ಷಗಟ್ಟಲೆ ಹೊಸ ಆವೃತ್ತಿ ಕಾಣದ ಲೈಬ್ರರಿಯನ್ನು ಆರಿಸಿಕೊಳ್ಳುವುದಕ್ಕಿಂತ ನೀವೇ ಬರೆದುಕೊಳ್ಳುವುದು ಲೇಸು.

ಈಗ ಕೋಲಾರದ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ ಇದೇ, ಏಕೆಂದರೆ ಉತ್ತರವು ನೀವು ಕೊಟ್ಟ ಊರುಗಳ ಹೆಸರಿನಲ್ಲೇ ಅಡಗಿದೆ. ಸಿಗದ ಹೆಸರುಗಳನ್ನು ಇನ್ನೊಮ್ಮೆ ಓದಿ: ಕೋಲಾರದಲ್ಲಿ ಓಕಾರ, ಬೀದರಿನಲ್ಲಿ ಈಕಾರ, ಮೈಸೂರಿನಲ್ಲಿ ಐಕಾರ, ಕೊಪ್ಪಳದಲ್ಲಿ ಒಕಾರ, ಬೇಲೂರಿನಲ್ಲಿ ಏಕಾರ. ಕನ್ನಡದ ಈ ಐದು ಸ್ವರಚಿಹ್ನೆಗಳನ್ನು ಗಣಕದ ಅಕ್ಷರಸಂಕೇತಗಳ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಎರಡು ರೀತಿಯಲ್ಲಿ ಬರೆಯಲು ಬರುತ್ತದೆ. ಓಕಾರದ ಚಿಹ್ನೆಗೆ ತನ್ನದೇ ಆದ ಒಂದು ಸಂಕೇತವಿದೆ. ಎಕಾರದ ಚಿಹ್ನೆ, ಊಕಾರದ ಚಿಹ್ನೆ, ದೀರ್ಘದ ಚಿಹ್ನೆ ಎಂಬ ಮೂರು ಸಂಕೇತಗಳನ್ನು ಒಂದರ ಹಿಂದೊಂದು ಇಟ್ಟರೂ ಪರದೆಯ ಮೇಲೆ ಅದೇ ಅಕ್ಷರ ಮೂಡುತ್ತದೆ. ಮೊದಲ ರೀತಿಯಲ್ಲಿ ಬರೆದ ‘ಕೋಲಾರ’ದ ಉದ್ದವನ್ನು ಪೈಥಾನ್ 5 ಎನ್ನುತ್ತದೆ, ಎರಡನೆಯ ರೀತಿಯಲ್ಲಿ ಬರೆದದ್ದನ್ನು 7 ಎನ್ನುತ್ತದೆ. ಕಣ್ಣಿಗೆ ಒಂದೇ ಆದರೂ ಹೋಲಿಕೆಯಲ್ಲಿ ಅವು ಬೇರೆ ಬೇರೆ. ಹಾಸನ, ತುಮಕೂರು, ಬಳ್ಳಾರಿಗಳಲ್ಲಿ ಹೀಗೆ ಬಿಡಿಸಬಹುದಾದ ಚಿಹ್ನೆಗಳೇ ಇಲ್ಲದ್ದರಿಂದ ಅವು ಪಾರಾದವು.

ನಿಮ್ಮ ಪಟ್ಟಿ ಕಡತಗಳ ಹೆಸರಿನಿಂದ ಬಂದದ್ದು ಎಂದಿದ್ದೀರಿ. ಹೆಸರನ್ನು ಬಿಡಿಸಿದ ರೂಪದಲ್ಲಿ ಉಳಿಸುವ ಕಡತವ್ಯವಸ್ಥೆಗಳಿವೆ. ಹಳೆಯ ಮ್ಯಾಕ್ ಗಣಕಗಳ ಎಚ್‌ಎಫ್‌ಎಸ್ ಪ್ಲಸ್ ಅಂಥದ್ದು. ಮೀಡಿಯಾವಿಕಿಯಾದರೋ ಎಲ್ಲ ಪಠ್ಯವನ್ನೂ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿ ರೂಪಕ್ಕೆ ತಂದೇ ಉಳಿಸಿಕೊಳ್ಳುತ್ತದೆ. ನೀವು ಬಿಡಿಸಿದ ರೂಪದ ಶೀರ್ಷಿಕೆಯನ್ನೇ ಹೇಳಿ ಪುಟವನ್ನು ಕೇಳಿದರೂ ಸರ್ವರ್ ಅದನ್ನು ಕೂಡಿಸಿಕೊಂಡು ಹುಡುಕುತ್ತದೆ ಮತ್ತು ‘ನೀವು ಹೀಗೆ ಕೇಳಿದಿರಿ, ನಾನು ಹೀಗೆ ಓದಿಕೊಂಡೆ’ ಎಂಬುದನ್ನು ಉತ್ತರದಲ್ಲಿ ‘ನಾರ್ಮಲೈಸ್ಡ್’ ಎಂಬ ಭಾಗದಲ್ಲಿ ತಿಳಿಸುತ್ತದೆ. ಪೈವಿಕಿಬಾಟ್ ಕೂಡ ಶೀರ್ಷಿಕೆಯಿಂದ ಪುಟವನ್ನು ರಚಿಸುವಾಗ ಇದೇ ಕೆಲಸ ಮಾಡುತ್ತದೆ. ಆದರೆ ನಿಮ್ಮ ಛಾಯಾಚಿತ್ರಗಳ ಪಟ್ಟಿ ಲೈಬ್ರರಿಯ ಕೈಗೆ ಹೋಗುವುದೇ ಇಲ್ಲ, ಆ ಹೋಲಿಕೆ ನಡೆಯುವುದು ನಿಮ್ಮ ಪ್ರೋಗ್ರಾಮಿನಲ್ಲಿ. ಆದ್ದರಿಂದ ಪೈಥಾನ್‌ನ ಜೊತೆಗೇ ಬರುವ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನಿಂದ ಪ್ರತಿಯೊಂದು ಹೆಸರನ್ನೂ ಎನ್‌ಎಫ್‌ಸಿ ರೂಪಕ್ಕೆ ತಂದು ಆಮೇಲೆ ಹೋಲಿಸಿ. ಅರ್ಧ ಮಾತ್ರ ಎಂದು ನಾನು ಹೇಳಿದ್ದು ಈ ಕಾರಣಕ್ಕೆ.

ಎನ್‌ಎಫ್‌ಸಿ ಕೂಡ ಸರಿಪಡಿಸದ ಒಂದು ಸಂಗತಿ ಕನ್ನಡದಲ್ಲಿದೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಕು’ ಒತ್ತಕ್ಷರವಾಗದಿರಲೆಂದು ನಡುವೆ ನಾವು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸುತ್ತೇವೆ. ಅದು ಇರುವ ಶೀರ್ಷಿಕೆ ಬೇರೆ, ಇಲ್ಲದ ಶೀರ್ಷಿಕೆ ಬೇರೆ. ಇದನ್ನು ಯಾವ ಲೈಬ್ರರಿಗೂ ಬಿಡುವಂತಿಲ್ಲ; ಹೋಲಿಕೆಗೆಂದು ಎರಡೂ ಕಡೆಯಿಂದ ಆ ಸಂಕೇತವನ್ನು ತೆಗೆದು ನೋಡಿ, ಸಂಶಯ ಬಂದ ಹೆಸರುಗಳನ್ನು ನೀವೇ ಕಣ್ಣಾರೆ ಪರಿಶೀಲಿಸಿ.

ಅಧ್ಯಾಪಕರ ಮಾತಿನ ತೂಕ ಇಲ್ಲಿದೆ. ಲೈಬ್ರರಿಯನ್ನು ಬಳಸುವ ಮೊದಲು ಒಂದು ಕೋರಿಕೆಯನ್ನಾದರೂ ಬ್ರೌಸರಿನ ವಿಳಾಸಪಟ್ಟಿಯಲ್ಲಿ ಕೈಯಾರೆ ಬರೆದು, ಬಂದ ಉತ್ತರವನ್ನು ಮೊದಲಿನಿಂದ ಕೊನೆಯವರೆಗೆ ಓದಿ. ‘ಕೋಲಾರ’ದ ಐದು ಸಂಕೇತಗಳಿಗೆ ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ತಲಾ 3 ಬೈಟ್, ಪ್ರತಿ ಬೈಟಿಗೆ ವಿಳಾಸದಲ್ಲಿ ಶೇಕಡಾ ಚಿಹ್ನೆಯೂ ಸೇರಿ 3 ಅಕ್ಷರ, ಹೀಗೆ ಪುಟ್ಟ ಹೆಸರೊಂದು 45 ಅಕ್ಷರಗಳಷ್ಟು ಬೆಳೆಯುವುದು ಆಗ ಕಾಣುತ್ತದೆ. 50 ಶೀರ್ಷಿಕೆಗಳನ್ನು ಒಟ್ಟಿಗೆ ಕೇಳುವಾಗ ಇಂಗ್ಲಿಷಿನಲ್ಲಿ ಸಲೀಸಾಗಿ ಹೋಗುವ ಕೋರಿಕೆ ಕನ್ನಡದಲ್ಲಿ ಬಹು ಉದ್ದವಾಗಬಹುದೆಂಬುದೂ, ಕೋರಿಕೆ ಉದ್ದವಾದಾಗ ಲೈಬ್ರರಿ ಕೋರಿಕೆಯನ್ನು ವಿಳಾಸದಲ್ಲೇ ಬರೆಯುವ ‘ಗೆಟ್’ ಬಿಟ್ಟು, ವಿಳಾಸದಿಂದ ಹೊರಗೆ ಕಳುಹಿಸುವ ‘ಪೋಸ್ಟ್’ ವಿಧಾನವನ್ನು ಏಕೆ ಹಿಡಿಯುತ್ತದೆಂಬುದೂ ಆಗ ತಾನಾಗಿ ತಿಳಿಯುತ್ತದೆ.

ಪ್ರಶ್ನೆ: ಪೈವಿಕಿಬಾಟ್ ಬಳಸಿ ಕಾಗುಣಿತದ ತಪ್ಪುಗಳನ್ನು ತಿದ್ದುತ್ತಿದ್ದೇನೆ. ಪ್ರತಿ ತಿದ್ದುಪಡಿಯ ನಡುವೆ ಅದು 10 ಸೆಕೆಂಡು ಸುಮ್ಮನಿರುತ್ತದೆ. ಈ ವಿಳಂಬವನ್ನು ತೆಗೆಯುವುದು ಹೇಗೆ? ಪ್ರೋಗ್ರಾಮಿನಲ್ಲಿ ನನ್ನ ಪಾಸ್‌ವರ್ಡ್ ಬರೆದಿಡುವುದು ಸರಿಯೇ?
— ಓದುಗರು, ಧಾರವಾಡ

ಉತ್ತರ: ವಿಳಂಬವನ್ನು ಪೈವಿಕಿಬಾಟ್‌ನ ಸಂಯೋಜನೆಯ (ಸೆಟ್ಟಿಂಗುಗಳ) ಕಡತದಲ್ಲಿ ಕಡಿಮೆ ಮಾಡಬಹುದು, ಆದರೆ ಈಗ ಮಾಡಬೇಡಿ. ಕನ್ನಡ ವಿಕಿಪೀಡಿಯದ ‘ಇತ್ತೀಚಿನ ಬದಲಾವಣೆಗಳು’ ಪುಟವನ್ನು ದಿನವೂ ನೋಡಿ ಕಿಡಿಗೇಡಿ ತಿದ್ದುಪಡಿಗಳನ್ನು ತೆಗೆಯುವವರು ನಮ್ಮ ನಿಮ್ಮಂಥ ಸ್ವಯಂಸೇವಕರು. ಬಾಟ್ ಅಧಿಕಾರವಿಲ್ಲದ ಖಾತೆಯಿಂದ ನಿಮಿಷಕ್ಕೆ ಅರವತ್ತು ತಿದ್ದುಪಡಿ ಹರಿದರೆ ಅವರು ನೋಡಬೇಕಾದದ್ದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಮೊದಲು ಸಮುದಾಯದ ಮುಂದೆ ನಿಮ್ಮ ಕೆಲಸವನ್ನು ವಿವರಿಸಿ, ಪ್ರತ್ಯೇಕ ಖಾತೆಗೆ ಬಾಟ್ ಅಧಿಕಾರವನ್ನು ಕೇಳಿ ಪಡೆಯಿರಿ. ಲೈಬ್ರರಿಯು ‘ಮ್ಯಾಕ್ಸ್‌ಲ್ಯಾಗ್’ ಎಂಬ ಇನ್ನೊಂದು ನಿಯಮವನ್ನೂ ಪಾಲಿಸುತ್ತದೆ: ದತ್ತಸಂಚಯದ ಪ್ರತಿಗಳು ಮೂಲಕ್ಕಿಂತ 5 ಸೆಕೆಂಡಿಗೂ ಹೆಚ್ಚು ಹಿಂದೆ ಬಿದ್ದಿದ್ದರೆ ಸರ್ವರ್ ಕೋರಿಕೆಯನ್ನು ತಿರಸ್ಕರಿಸುತ್ತದೆ, ಲೈಬ್ರರಿ ತಾಳಿಕೊಂಡು ಮತ್ತೆ ಕೇಳುತ್ತದೆ. ಇದನ್ನು ಎಂದಿಗೂ ತೆಗೆಯಬೇಡಿ.

ನಿಮ್ಮ ಮುಖ್ಯ ಪಾಸ್‌ವರ್ಡನ್ನು ಎಲ್ಲಿಯೂ ಬರೆದಿಡಬೇಡಿ. ವಿಕಿಯಲ್ಲೇ ‘ಬಾಟ್ ಪಾಸ್‌ವರ್ಡ್’ ಎಂಬ ಸೌಲಭ್ಯವಿದೆ. ಪುಟ ತಿದ್ದುವುದಕ್ಕೆ ಮಾತ್ರ ಅನುಮತಿ ಇರುವ ಬೇರೆ ಪಾಸ್‌ವರ್ಡನ್ನು ಅಲ್ಲಿ ಪಡೆದುಕೊಂಡರೆ, ಅದು ಸೋರಿಹೋದ ದಿನ ಅದೊಂದನ್ನೇ ರದ್ದು ಮಾಡಬಹುದು. ಆ ಪಾಸ್‌ವರ್ಡ್ ಇರುವ ಕಡತವನ್ನು ಗಿಟ್ ಭಂಡಾರದಿಂದ (ಪ್ರೋಗ್ರಾಮಿನ ಆವೃತ್ತಿಗಳನ್ನು ಉಳಿಸಿ ಹಂಚಿಕೊಳ್ಳುವ ಜಾಗದಿಂದ) ಹೊರಗಿಡಿ.

ಕಾಗುಣಿತ ತಿದ್ದುವ ಪ್ರೋಗ್ರಾಂ ಎಂದಿರಿ. ಅದಕ್ಕೆ ಇನ್ನೊಂದು ಮಾತು. ಉದ್ಧರಣೆಗಳಲ್ಲಿ, ಹಳಗನ್ನಡದ ಪದ್ಯಗಳಲ್ಲಿ, ಶಾಸನಪಾಠಗಳಲ್ಲಿ ‘ತಪ್ಪು’ ಎಂದು ಕಾಣುವುದು ತಪ್ಪಾಗಿರುವುದಿಲ್ಲ. ಪೈವಿಕಿಬಾಟ್‌ಗೆ ‘ಸಿಮ್ಯುಲೇಟ್’ ಆಯ್ಕೆಯನ್ನು ಕೊಟ್ಟು ಚಲಾಯಿಸಿದರೆ ವಿಕಿಯಲ್ಲಿ ಏನನ್ನೂ ಬರೆಯದೆ, ಏನು ಮಾಡಲಿತ್ತು ಎಂಬುದನ್ನಷ್ಟೇ ತೋರಿಸುತ್ತದೆ. ಮೊದಲ ನೂರು ಪುಟಗಳನ್ನು ಹಾಗೆ ನಡೆಸಿ, ಒಂದೊಂದು ಬದಲಾವಣೆಯನ್ನೂ ಓದಿ, ಪದ್ಯ ಮತ್ತು ಉದ್ಧರಣೆಗಳಿರುವ ಭಾಗಗಳನ್ನು ಪ್ರೋಗ್ರಾಂ ಮುಟ್ಟದಂತೆ ಮಾಡಿದ ಮೇಲೆಯೇ ಉಳಿಸುವ ಆಜ್ಞೆಯನ್ನು ಕೊಡಿ.