ತಡೆಗೋಡೆಯ ಹಿಂದೆ, ನೀರು ಹೊರಹಾಕುವ ತೂತಿನ ಪೈಪಿನ ಸುತ್ತ ಒಡೆದ ಕಾಂಕ್ರೀಟ್ ಜಲ್ಲಿ ತುಂಬಬಹುದೇ?

ನೀರು ಇಳಿಯುತ್ತದೆಯೇ ಎಂದು ಕೇಳಿದ್ದೀರಿ. ಇಳಿಯುತ್ತದೆ. ಪುಡಿ ಜರಡಿ ಹಿಡಿದು ತೆಗೆದು, ಹೆಚ್ಚುಕಡಿಮೆ ಒಂದೇ ಗಾತ್ರದ ತುಂಡು ತುಂಬಿದರೆ ಕಲ್ಲಿನ ಜಲ್ಲಿಯಷ್ಟೇ ಸಲೀಸಾಗಿ ಇಳಿಯುತ್ತದೆ. ಆದರೂ ಆ ಜಾಗಕ್ಕೆ ನಾನು ಹಾಕಿಸುವುದಿಲ್ಲ.

ಒಮ್ಮೆ ಗೋಡೆಯೊಂದು ಮುಂದಕ್ಕೆ ವಾಲುತ್ತಿದೆಯೆಂದು ಕರೆದಿದ್ದರು. ಹಿಂಬದಿ ಅಗೆಸಿದೆ. ತುಂಬಿದ್ದ ಒಡೆದ ಕಾಂಕ್ರೀಟಿನ ಸಂದುಗಳೆಲ್ಲ ತೆರವಾಗಿಯೇ ಇದ್ದವು, ನೀರು ಮಾತ್ರ ಅಲ್ಲೇ ನಿಂತಿತ್ತು. ಪೈಪಿಗೆ ಸುತ್ತಿದ್ದ, ಮಣ್ಣು ತಡೆದು ನೀರು ಬಿಡುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಬೆಳ್ಳಗೆ ಹಲಗೆಯಂತೆ ಸೆಟೆದುಕೊಂಡಿತ್ತು.

ಕಾರಣ ಸುಣ್ಣ. ಸಿಮೆಂಟು ಗಟ್ಟಿಯಾದ ಮೇಲೆ ಅದರೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಉಳಿದಿರುತ್ತದೆ. ಕಟ್ಟಡ ಎಷ್ಟೇ ಹಳೆಯದಿರಲಿ, ಕ್ರಷರಿನಲ್ಲಿ ಒಡೆದಾಗ ಹೊಸ ಮೈ ತೆರೆದುಕೊಳ್ಳುತ್ತದೆ. ನೀರು ಅದನ್ನು ಕರಗಿಸಿಕೊಂಡು ಹೋಗಿ, ಗಾಳಿ ತಾಗಿದಲ್ಲಿ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೂರಿಸುತ್ತದೆ. ಗಾಳಿ ತಾಗುವುದೆಲ್ಲಿ? ಪೈಪಿನ ತೂತಿನಲ್ಲಿ, ನೀರು ಹೊರಬೀಳುವ ಬಾಯಲ್ಲಿ. ಕಟ್ಟಿಕೊಳ್ಳಬಾರದ ಜಾಗದಲ್ಲೇ ಕಟ್ಟಿಕೊಳ್ಳುತ್ತದೆ. ತೊಳೆದರೆ ಧೂಳು ಹೋದೀತು, ಸುಣ್ಣ ಒಳಗಿಂದ ಬರುತ್ತಲೇ ಇರುತ್ತದೆ. ಬಯಲಲ್ಲಿ ರಾಶಿ ಹಾಕಿ ತಿಂಗಳುಗಟ್ಟಲೆ ಬಿಟ್ಟರೆ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ.

ಹಾಕಲೇಬೇಕೆಂದಿದ್ದರೆ ಬಟ್ಟೆಯನ್ನು ಪೈಪಿಗೆ ಸುತ್ತಬೇಡಿ, ಮಣ್ಣು ಮತ್ತು ಜಲ್ಲಿಯ ನಡುವೆ ಇಡಿ. ಅಲ್ಲಿ ಹಾಯುವ ನೀರಿಗೆ ಇನ್ನೂ ಕಾಂಕ್ರೀಟು ತಾಗಿರುವುದಿಲ್ಲ. ಬಟ್ಟೆ ಪಾಲಿಪ್ರೊಪಿಲೀನ್‌ನದಾಗಿರಲಿ, ಪಾಲಿಯೆಸ್ಟರ್ ಇಷ್ಟು ಕ್ಷಾರಕ್ಕೆ ಬಾಳುವುದಿಲ್ಲ. ಪೈಪಿನ ತೂತು ದೊಡ್ಡದಿರಲಿ, ತುದಿಯಲ್ಲಿ ಸಲಾಕೆ ತೂರಿಸಿ ಕಟ್ಟಿದ ಸುಣ್ಣ ತೆಗೆಯುವಂತಿರಲಿ. ಅಲ್ಯೂಮಿನಿಯಂ ಅಥವಾ ಸತು ಲೇಪಿಸಿದ ಪೈಪು ಬೇಡ, ಪಿವಿಸಿ ಸಾಕು. ಹೊರಬರುವ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಎಂದರೆ ಸಮ) 11, 12 ಮುಟ್ಟುವುದುಂಟು, ಮೀನಿರುವ ಹಳ್ಳಕ್ಕೆ ಬಿಡಬೇಡಿ. ಗಿಲಾವಿನ ಜಿಪ್ಸಂ ಬೆರೆತ ರಾಶಿಯನ್ನಂತೂ ಮುಟ್ಟಲೇಬೇಡಿ.

ನನ್ನನ್ನು ಕೇಳಿದರೆ ಪೈಪಿನ ಸುತ್ತ ಮತ್ತು ಗೋಡೆಗೆ ತಾಗಿದ ಪಟ್ಟಿಗೆ ಕಲ್ಲಿನ ಜಲ್ಲಿಯನ್ನೇ ಹಾಕಿ, ಒಡೆದ ಕಾಂಕ್ರೀಟನ್ನು ಅಂತರ್ಜಲ ಮುಟ್ಟದ ರಸ್ತೆಯ ತಳಪದರಕ್ಕೆ ಕಳಿಸಿ. ಅಲ್ಲಿ ಅದು ಬಿಗಿಯಾಗಿ ಕೂತು ಒಳ್ಳೆಯ ಕೆಲಸ ಮಾಡುತ್ತದೆ.

ನಿಮ್ಮ ರಾಶಿ ಹೇಗಿದೆಯೆಂದು ನೋಡಬೇಕೇ? ಬಕೆಟ್ಟಿನಲ್ಲಿ ಒಂದಿಷ್ಟು ನೆನೆಹಾಕಿ, ಮರುದಿನ ಪಿಎಚ್ ಕಾಗದ ಅದ್ದಿ. ಆ ತಿಳಿನೀರನ್ನು ತಟ್ಟೆಯಲ್ಲಿ ಗಾಳಿಗಿಟ್ಟರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಪೈಪಿನಲ್ಲಿ ಕೂರುವುದೂ ಅದೇ.