ಡೆಕ್ಕೋ ಇಂಜಿನ್ನೋ, ಯಾವುದಾದರೂ ಸರಿ ಎಂದ ಹುಡುಗ

(ಮನೆಯವರ ಒಪ್ಪಿಗೆ ಪಡೆದು ಬರೆದಿದ್ದೇನೆ. ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಡೊಂಬಿವಲಿಯ ಕನ್ನಡ ಕುಟುಂಬ, ಮೂಲ ಕುಂದಾಪುರದ ಕಡೆ. ತಂದೆಗೆ ಕುರ್ಲಾದಲ್ಲಿ ಪಾಲುದಾರಿಕೆಯ ಸಣ್ಣ ಹೋಟೆಲು. ಮಗನನ್ನು ಇಲ್ಲಿ ಸುಮಂತ ಎನ್ನೋಣ. ವಯಸ್ಸು 18, ಸೈನ್ಸ್‌ನಲ್ಲಿ ಹನ್ನೆರಡನೆಯದು ಮುಗಿಸಿದ್ದಾನೆ. ಮರ್ಚಂಟ್ ನೇವಿಗೇ ಹೋಗಬೇಕು ಅಂತ ಹಟ. ತಂದೆಗೆ ಖುಷಿಯೋ ಖುಷಿ, ತಾಯಿಗೆ ಭಯ. ಮೂವರೂ ಒಟ್ಟಿಗೇ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬಂದಿದ್ದರು.

ಹುಡುಗ ಓದಿಕೊಂಡೇ ಬಂದಿದ್ದ. ಪ್ರವೇಶ ಪರೀಕ್ಷೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಸೇರಿ ಶೇ. 60 ಬೇಕು, ತನಗೆ ಅದಕ್ಕಿಂತ ಜಾಸ್ತಿ ಬಂದಿದೆ ಎಂದ. ಡಿಎನ್‌ಎಸ್ (ಡೆಕ್ ಆಫೀಸರ್ ಆಗಲು ಓದುವ ಡಿಪ್ಲೊಮಾ) ಸೇರಿದರೆ ಒಂದು ವರ್ಷ ಕ್ಲಾಸು, ಆಮೇಲೆ 18 ತಿಂಗಳು ಹಡಗಿನಲ್ಲಿ ಕೆಡೆಟ್ ಆಗಿ ತರಬೇತಿ. ಆಫೀಸರ್ ಆದ ಮೇಲೆ ಸಂಬಳ ಡಾಲರ್‌ನಲ್ಲಿ. ಎಲ್ಲ ಬಾಯಿಪಾಠ.

"ಅಂದ್ರೆ ನಿನಗೆ ಡೆಕ್ ಇಷ್ಟ ಅಲ್ವಾ?" ಎಂದು ಕೇಳಿದೆ.

"ಹಾಗೇನಿಲ್ಲ ಮೇಡಂ. ಅದು ಸಿಗದಿದ್ರೆ ಮರೈನ್ ಇಂಜಿನಿಯರಿಂಗ್. ಯಾವುದಾದ್ರೂ ಸರಿ."

ನನಗೆ ಅನುಮಾನ ಬಂದದ್ದು ಇಲ್ಲಿ. ಎರಡೂ ಒಂದೇ ಹಡಗಿನಲ್ಲಿದ್ದರೂ ಎರಡು ಬೇರೆ ಬದುಕು. ಡೆಕ್ಕಿನವರು ಮೇಲೆ ಬ್ರಿಡ್ಜ್ ಎಂಬ ಕೋಣೆಯಲ್ಲಿ ನಿಂತು ಹಡಗು ನಡೆಸುತ್ತಾರೆ. ಸಾಮಾನ್ಯವಾಗಿ ನಾಲ್ಕು ಗಂಟೆ ಕಾವಲು, ಎಂಟು ಗಂಟೆ ಬಿಡುವು. ಥರ್ಡ್ ಆಫೀಸರ್ ಆದರೆ ಬೆಳಿಗ್ಗೆ 8ರಿಂದ 12, ಮತ್ತೆ ರಾತ್ರಿ 8ರಿಂದ 12. ಇಂಜಿನ್‌ನವರದು ಕೆಳಗೆ. ಸೆಕೆ 40 ಡಿಗ್ರಿ ದಾಟುತ್ತದೆ, ಕಿವಿಗೆ ರಕ್ಷಣೆ ಇಲ್ಲದೆ ಒಳಗೆ ಹೋಗುವಂತಿಲ್ಲ, ಕೈ ತುಂಬ ಎಣ್ಣೆ. ಹಡಗಿನ ಕೆಲಸದ ಮೇಲೆ ಮನಸ್ಸಿದ್ದವರು ಇವೆರಡರಲ್ಲಿ ಒಂದರ ಕಡೆ ವಾಲಿಯೇ ಇರುತ್ತಾರೆ.

"ಹಡಗು ಹತ್ತಿದ ಮೊದಲ ರಾತ್ರಿ ಏನು ಮಾಡ್ತೀಯ?" ಎಂದೆ. ಸಮುದ್ರದ ಬಗ್ಗೆ ಏನಾದರೂ ಹೇಳುತ್ತಾನೆ ಅಂದುಕೊಂಡಿದ್ದೆ.

"ಕ್ಯಾಬಿನ್ ಬಾಗಿಲು ಹಾಕ್ಕೊಂಡು ಮಲಗ್ತೀನಿ. ಯಾರೂ ಎಬ್ಬಿಸಲ್ಲ."

ತಂದೆತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಹೇಳಿದೆ.

ಅವರದು ವನ್ ರೂಮ್ ಕಿಚನ್. ಅಜ್ಜಿ, ತಂಗಿ ಸೇರಿ ಐದು ಜನ. ಸುಮಂತನ ಹಾಸಿಗೆ ಅಡುಗೆಮನೆಯಲ್ಲಿ, ಫ್ರಿಜ್ ಪಕ್ಕ. ತಂದೆ ಹೋಟೆಲ್ ಮುಚ್ಚಿ, ರಾತ್ರಿಯ ಕೊನೆಯ ಲೋಕಲ್‌ಗಳಲ್ಲೊಂದನ್ನು ಹಿಡಿದು ಒಂದು ಗಂಟೆ ಮೇಲೆ ಮನೆ ಸೇರುತ್ತಾರೆ. ಲೈಟ್ ಹಾಕಿ ಅಲ್ಲೇ ನೆಲದ ಮೇಲೆ ಊಟಕ್ಕೆ ಕೂರುತ್ತಾರೆ. ಅವರ ತಟ್ಟೆಗೆ ಜಾಗ ಆಗಲೆಂದು ಹುಡುಗ ಕಾಲು ಮಡಚಿಕೊಳ್ಳುತ್ತಾನೆ. ಊಟದ ಜೊತೆಗೇ ದೂರು ಶುರು: ಪಾಲುದಾರ ಲೆಕ್ಕ ಕೊಡುತ್ತಿಲ್ಲ, ನಿನ್ನ ಅಮ್ಮನಿಗೆ ನನ್ನ ಕಷ್ಟ ಅರ್ಥವಾಗುವುದಿಲ್ಲ. ಬೆಳಿಗ್ಗೆ ತಂದೆ ಮಲಗಿದ್ದಾಗ ತಾಯಿಯ ಸರದಿ. ಗಂಡಹೆಂಡತಿ ನೇರ ಮಾತಾಡುವುದೇ ಕಮ್ಮಿ. "ಅಪ್ಪನಿಗೆ ಹೇಳು", "ಅಮ್ಮನಿಗೆ ಹೇಳು" ಅಂತಲೇ ಮನೆ ನಡೆಯುತ್ತದೆ.

ಕೆಲಸ ಆರಿಸಿಕೊಳ್ಳಲು ಜನ ಕೊಡುವ ಕಾರಣಗಳನ್ನು ದಿನಾ ಕೇಳುತ್ತೇನೆ. ಗೆಳೆಯ ಸಿಎಗೆ ಸೇರಿದ, ಮಾವ ಕಾರು ತಗೊಂಡ, ಕೋಚಿಂಗ್‌ಗೆ ದುಡ್ಡು ಕಟ್ಟಿಯಾಗಿದೆ. ಇವು ಹೇಗೋ ಸುಧಾರಿಸುತ್ತವೆ, ಕೆಲಸಕ್ಕೆ ಇಳಿದ ಮೇಲೆ ಆಸಕ್ತಿ ಹುಟ್ಟುವುದೂ ಇದೆ. ನನಗೆ ಹೆಚ್ಚು ಕಳವಳ ತರುವುದು ಮನೆಯಿಂದ ತಪ್ಪಿಸಿಕೊಳ್ಳಲು ಆರಿಸಿದ ಕೆಲಸ. ಈ ಹುಡುಗನಿಗೆ ಬೇಕಾಗಿದ್ದದ್ದು ಒಂದು ಬಾಗಿಲು ಹಾಕಿಕೊಳ್ಳುವ ಕೋಣೆ. ಅದಕ್ಕಾಗಿ ವರ್ಷಗಟ್ಟಲೆಯ ಓದು, ದೊಡ್ಡ ಫೀಸು, ಇಡೀ ಬದುಕಿನ ದಾರಿಯನ್ನೇ ಪಣಕ್ಕಿಡಲು ಹೊರಟಿದ್ದ.

ಅಷ್ಟು ಮಾಡಿದರೂ ತಪ್ಪಿಸಿಕೊಳ್ಳಲು ಆಗುತ್ತದೆಯೇ? ಈಗ ಎಷ್ಟೋ ಹಡಗುಗಳಲ್ಲಿ ಸ್ಯಾಟಲೈಟ್ ಇಂಟರ್ನೆಟ್ ಇದೆ. ಹಡಗಿನವರಿಗೆ ಸಾಧ್ಯವಾದಷ್ಟು ಮಟ್ಟಿಗೆ ಇಂಟರ್ನೆಟ್ ಒದಗಿಸಬೇಕು ಎಂಬುದು 2024ರ ಡಿಸೆಂಬರ್‌ನಿಂದ ಅಂತಾರಾಷ್ಟ್ರೀಯ ನಾವಿಕ ಕಾರ್ಮಿಕ ಒಪ್ಪಂದದಲ್ಲೂ ಸೇರಿದೆ. ಇದು ತುಂಬಾ ಒಳ್ಳೆಯ ಬದಲಾವಣೆ. ಆದರೆ ಸುಮಂತನಿಗೆ ನೇರವಾಗಿ ಹೇಳಿದೆ: "ನೀನು ನಡುಸಮುದ್ರದಲ್ಲಿದ್ದರೂ ಅಮ್ಮನ ವಾಟ್ಸಾಪ್ ಕಾಲ್ ಬರುತ್ತೆ. ಆಗ ಏನು ಮಾಡ್ತೀಯ?" ಹುಡುಗ ತುಂಬಾ ಹೊತ್ತು ಸುಮ್ನೆ ಕೂತ. ಹಡಗಿನಲ್ಲಿ ಇರುವುದೇ ಇಪ್ಪತ್ತು–ಇಪ್ಪತ್ತೈದು ಜನ. ಮಧ್ಯಾಹ್ನ ಯಾರ ಜೊತೆ ಜಗಳವಾಯಿತೋ ರಾತ್ರಿ ಅವರ ಎದುರೇ ಊಟ. ಮನೆಯಲ್ಲಿ "ಬೇಡ" ಎನ್ನಲು ಬಾರದವನಿಗೆ ಅಲ್ಲಿ ಇನ್ನೂ ಕಷ್ಟ.

ತಂದೆಯನ್ನು ಒಳಗೆ ಕರೆದು ಹುಡುಗನ ಒಪ್ಪಿಗೆಯಿಂದಲೇ ಇದನ್ನು ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ. "ನಾನೂ ಮನೆ ಬಿಟ್ಟು ಓಡಿ ಬಂದವನೇ ಮೇಡಂ" ಎಂದರು. ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ಸಂಜೆ ಫೋರ್ಟ್‌ನ ಕನ್ನಡ ರಾತ್ರಿಶಾಲೆಯಲ್ಲಿ ಕಲಿತವರು. ಅವರ ಪೀಳಿಗೆಯ ಎಷ್ಟೋ ಜನ ಮುಂಬೈಗೆ ಬಂದದ್ದು ಹಾಗೆಯೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆದರೆ ಅವರ ಮುಂದೆ ಇದ್ದದ್ದು ಒಂದೇ ದಾರಿ. ಮಗನಿಗೆ ಆಯ್ಕೆ ಇದೆ. ಆರಿಸಿಕೊಳ್ಳುವಷ್ಟು ನಿದ್ದೆ ಮಾತ್ರ ಇಲ್ಲ.

ಮೊದಲು ಹೇಳಿದ್ದು ನಿದ್ದೆಯ ವಿಷಯ. ಭಾಂಡುಪ್‌ನಲ್ಲಿ ಸೋದರಮಾವನ ಮನೆಯಿದೆ, ಅಲ್ಲಿ ಒಂದು ಕೋಣೆ ಖಾಲಿ. ವಾರದಲ್ಲಿ ಐದು ರಾತ್ರಿ ಅಲ್ಲಿರಲಿ ಎಂದೆ. ಎರಡನೆಯದಾಗಿ, ಸುಮಂತನಿಗೆ ಒಂದು ಮಾತು ಅಭ್ಯಾಸ ಮಾಡಿಸಿದೆ: "ಅಮ್ಮ, ಇದನ್ನ ಅಪ್ಪನ ಹತ್ರಾನೇ ಹೇಳು." ಮೊದಲ ಸಲ ಹೇಳುವಾಗ ದನಿ ಹೊರಡಲಿಲ್ಲ. ತಾಯಿಯನ್ನು ಎದುರಿಗೆ ಕೂರಿಸಿಕೊಂಡು ಮತ್ತೆ ಮತ್ತೆ ಹೇಳಿಸಿದೆ. ತಾಯಿ ಅತ್ತರು. ತಂದೆಗೂ ಇದೇ ನಿಯಮ.

ಹಡಗಿಗೆ ಹೋಗಬೇಡ ಎಂದು ನಾನು ಹೇಳಲಿಲ್ಲ. ಚೆನ್ನಾಗಿ ನಿದ್ದೆಯಾಗಿ ಕೆಲವು ವಾರ ಕಳೆದ ಮೇಲೂ ಆಸೆ ಉಳಿದರೆ ಅದನ್ನು ನಂಬಬಹುದು. ಅಲ್ಲಿಯವರೆಗೆ ಪರೀಕ್ಷೆಗೆ ಓದುತ್ತಿರಲಿ, ಜೊತೆಗೆ ಬಿಎಸ್ಸಿಗೂ ಅರ್ಜಿ ಹಾಕಲಿ. ಫೀಸು ಕಟ್ಟುವ ಮೊದಲೇ ಡಿಜಿ ಶಿಪ್ಪಿಂಗ್ (ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿ) ಮಾನ್ಯತೆಯ ಡಾಕ್ಟರ ಹತ್ತಿರ ಮೆಡಿಕಲ್ ಮಾಡಿಸಬೇಕು. ರಾತ್ರಿ ಎದುರಿನ ಹಡಗಿನ ಎಡಬದಿಯ ಕೆಂಪು ದೀಪ, ಬಲಬದಿಯ ಹಸಿರು ದೀಪ ನೋಡಿಯೇ ಅದು ಯಾವ ಕಡೆ ಹೋಗುತ್ತಿದೆ ಎಂದು ತಿಳಿಯಬೇಕು. ಬಣ್ಣ ಗುರುತಿಸಲು ಬಾರದಿದ್ದರೆ ಡೆಕ್‌ನ ದಾರಿ ಅಲ್ಲಿಗೇ ಮುಚ್ಚಿತು. ಊರಿನ ಕಡೆಯ ಇಬ್ಬರು ಹಡಗಿನವರನ್ನು ಭೇಟಿಯಾಗಲಿ, ಒಬ್ಬರು ಡೆಕ್, ಒಬ್ಬರು ಇಂಜಿನ್. ಸಂಬಳ ಎಷ್ಟು ಎಂದು ಮಾತ್ರ ಕೇಳಬಾರದು ಎಂದೆ.

ಮಾತಿನ ನಡುವೆ ತಂದೆ ಇನ್ನೊಂದು ವಿಷಯ ಹೇಳಿದರು. ಬೇಲಾಪುರದ ಒಬ್ಬ ಏಜೆಂಟ್ ಕೆಲವು ಲಕ್ಷ ಕೊಟ್ಟರೆ "ಪಕ್ಕಾ ಜಾಯಿನಿಂಗ್" ಎಂದಿದ್ದಾನಂತೆ. ಕೊಡಲೇಬೇಡಿ ಎಂದೆ. ಹಡಗಿಗೆ ಜನ ಕಳಿಸಲು ಆರ್‌ಪಿಎಸ್‌ಎಲ್ ಎಂಬ ನೇಮಕಾತಿ ಲೈಸೆನ್ಸ್ ಬೇಕು. ಲೈಸೆನ್ಸ್ ಇದ್ದವರೂ ಕೆಲಸ ಕೊಡಿಸಲು ಹುಡುಗರಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಲೈಸೆನ್ಸ್ ಇದ್ದವರ ಪಟ್ಟಿ ಡಿಜಿ ಶಿಪ್ಪಿಂಗ್ ವೆಬ್‌ಸೈಟಿನಲ್ಲೇ ಸಿಗುತ್ತದೆ.

ಈಗ ಸುಮಂತ ಭಾಂಡುಪ್‌ನಲ್ಲಿದ್ದಾನೆ. ಮೆಡಿಕಲ್‌ನಲ್ಲಿ ಪಾಸಾಗಿದ್ದಾನೆ. ಇಂಜಿನ್‌ನವರ ಹತ್ತಿರ ಪಂಪುಗಳ ಬಗ್ಗೆ ಗಂಟೆಗಟ್ಟಲೆ ಕೇಳಿದನಂತೆ, ಡೆಕ್ ಬೇಡ ಎನ್ನುತ್ತಿದ್ದಾನೆ. ಅಂದರೆ ಅಷ್ಟರಮಟ್ಟಿಗೆ ಆಯ್ಕೆ ಶುರುವಾಗಿದೆ. ಮಗ ದೂರು ಕೇಳುವುದನ್ನು ನಿಲ್ಲಿಸಿದ ಮೇಲೆ ಗಂಡಹೆಂಡತಿಯ ಜಗಳ ನೇರವಾಗಿ, ಜೋರಾಗಿಯೇ ನಡೆಯುತ್ತಿದೆ. ತಾಯಿ ಈಗ ಒಬ್ಬರೇ ನನ್ನ ಹತ್ತಿರ ಬರುತ್ತಿದ್ದಾರೆ. ತಂದೆಗೆ ಮಂಗಳವಾರ ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿ ಕಡಿಮೆಯಂತೆ. ಆ ಹೊತ್ತಿಗೇ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.